ಹಸಿರು ಚುಕ್ಕೆ ಇದ್ದರೆ ಹಾಲಿಲ್ಲ ಎಂದರ್ಥವಲ್ಲ

ಮಾಂಸ ಬೇಡ, ಮೀನು ಬೇಡ, ಮೊಟ್ಟೆಯೂ ಬೇಡ ಎಂದರೆ ನಮ್ಮ ಮನೆಗಳಲ್ಲಿ ಅಷ್ಟೇನೂ ತಲೆಬಿಸಿಯಾಗುವುದಿಲ್ಲ. ಬೇಳೆ ಸಾರು, ಪಲ್ಯದಲ್ಲಿ ಒಂದು ರಾತ್ರಿಯ ಊಟ ಮುಗಿಯುತ್ತದೆ. ಆದರೆ ಅದರ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದೂ ಬೇಡ ಎಂದರೆ? ಪ್ರಾಣಿಮೂಲದ ಯಾವ ವಸ್ತುವೂ ಇಲ್ಲದ ಇಂತಹ ಆಹಾರವನ್ನು ಈಗ ವೀಗನ್ ಎನ್ನುತ್ತಾರೆ. ಇದು ದೊಡ್ಡ ಪೇಟೆಯವರ ಶೋಕಿ ಎಂದು ಪುಟ ತಿರುವಬೇಡಿ. ಹಾಲಿನ ಅಲರ್ಜಿ ಇರುವ ಮಗು ನಿಮ್ಮ ಮನೆಯಲ್ಲೋ, ತಂಗಿಯ ಮನೆಯಲ್ಲೋ ಇದ್ದರೆ ಈ ಪ್ರಶ್ನೆ ಮೂರು ಹೊತ್ತೂ ಎದುರಾಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವವರಿಗೆ ತೊಂದರೆ ಕೊಡುವುದು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ. ಇವರಲ್ಲಿ ಹಲವರಿಗೆ ಸ್ವಲ್ಪ ಮೊಸರು ಒಗ್ಗುತ್ತದೆ. ಅಲರ್ಜಿ ಹಾಗಲ್ಲ. ಅದು ಕೇಸೀನ್, ವೇ ಎಂಬ ಹಾಲಿನ ಪ್ರೋಟೀನುಗಳಿಗೆ ದೇಹ ತೋರುವ ಪ್ರತಿಭಟನೆ. ಅಂತಹ ಮಗುವಿಗೆ ಒಂದು ಚಮಚ ಮೊಸರು, ಒಂದು ಬಿಸ್ಕತ್ತು ಕೂಡ ಅಪಾಯ ತರಬಹುದು. ‘ಲ್ಯಾಕ್ಟೋಸ್ ಇಲ್ಲದ ಹಾಲು’ ಅವರಿಗಲ್ಲ. ಹಸುವಿನ ಹಾಲಿನ ಬದಲು ಆಡಿನ ಹಾಲು ಕೊಡಿ ಎಂದು ಅಜ್ಜಿಯರು ಹೇಳುವುದುಂಟು. ಹಸುವಿನ ಹಾಲು ಆಗದ ಹೆಚ್ಚಿನ ಮಕ್ಕಳಿಗೆ ಆಡಿನ ಹಾಲೂ ಆಗುವುದಿಲ್ಲ.

ಇನ್ನು ಊಟದ ವಿಷಯ. ಮಗುವಿಗೊಂದು, ಉಳಿದವರಿಗೊಂದು ಎಂದು ಎರಡು ಪಾತ್ರೆ ಇಡುವ ಅಗತ್ಯವಿಲ್ಲ. ನಮ್ಮ ನಾಡಿನ ಹಳೆಯ ರಾತ್ರಿಯೂಟಗಳಲ್ಲಿ ಅರ್ಧಕ್ಕರ್ಧ ತಾನಾಗಿಯೇ ವೀಗನ್. ರಾಗಿ ಮುದ್ದೆ, ಹುರುಳಿ ಸಾರು. ಸೊಪ್ಪು ಕಾಳು ಬೇಯಿಸಿ ಬಸಿದ ಬಸ್ಸಾರು. ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ. ಕರಾವಳಿಯವರಾದರೆ ಪುಂಡಿ ಅಥವಾ ಅಕ್ಕಿರೊಟ್ಟಿಗೆ ಕಡಲೆ ಗಸಿ, ಬಸಳೆ ಸಾರು. ಕೋಳಿ ಸಾರಿಗೆ ಹುರಿಯುವ ಅದೇ ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಮಸಾಲೆಯನ್ನು ನೆನೆಸಿ ಬೇಯಿಸಿದ ಕಡಲೆಗೋ ಅಲಸಂಡೆಗೋ ಹಾಕಿ ನೋಡಿ, ಮಾಂಸ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಎರಡನೇ ಸಲ ಬಡಿಸಿಕೊಂಡ ಮೇಲೆಯೇ.

ಎಡವುವುದು ಕೊನೆಯ ಕೈಯಲ್ಲಿ. ಒಗ್ಗರಣೆಗೆ ತುಪ್ಪ, ಚಪಾತಿ ಹಿಟ್ಟು ಮೆತ್ತಗಾಗಲು ಹಾಲು, ಕುರ್ಮಾ ಗಟ್ಟಿಯಾಗಲು ಮೊಸರು. ಒಗ್ಗರಣೆಗೆ ಕೊಬ್ಬರಿ ಎಣ್ಣೆಯೋ ಶೇಂಗಾ ಎಣ್ಣೆಯೋ ಸಾಕು; ಹಿಟ್ಟಿಗೆ ಬಿಸಿನೀರು; ಕುರ್ಮಾಕ್ಕೆ ನೆನೆಸಿದ ಗೋಡಂಬಿ ಅಥವಾ ಗಸಗಸೆ ಅರೆದದ್ದು. (ಶೇಂಗಾ, ಗೋಡಂಬಿಗಳೇ ಆಗದ ಮಕ್ಕಳೂ ಇದ್ದಾರೆ, ವೈದ್ಯರನ್ನು ಕೇಳಿಕೊಳ್ಳಿ.) ತೆಂಗಿನ ಹಾಲನ್ನು ಮನೆಯಲ್ಲೇ ಹಿಂಡಿದರೆ ಒಳ್ಳೆಯದು. ಪ್ಯಾಕೆಟಿನಲ್ಲಿ ಬರುವ ಕೆಲವು ತೆಂಗಿನ ಹಾಲಿನ ಪುಡಿಗಳಿಗೆ ಸೋಡಿಯಂ ಕೇಸಿನೇಟ್ ಸೇರಿಸಿರುತ್ತಾರೆ. ಹೆಸರು ತೆಂಗಿನದು, ಒಳಗೆ ಹಸುವಿನ ಹಾಲಿನ ಪ್ರೋಟೀನು! ಚಹಾಕ್ಕೆ ಹಾಕುವ ‘ಡೈರಿಯಲ್ಲದ’ ಕ್ರೀಮರ್ ಪುಡಿಗಳ ಕತೆಯೂ ಹೆಚ್ಚಾಗಿ ಇದೇ. ಮಸಾಲೆ ಚಿಪ್ಸ್, ರೆಡಿಮೇಡ್ ಸೂಪ್, ಬ್ರೆಡ್, ಬಿಸ್ಕತ್ತುಗಳಲ್ಲಿ ಹಾಲಿನ ಪುಡಿ ಅಥವಾ ವೇ ಪುಡಿ ಇರುವುದು ಸಾಮಾನ್ಯ. ಹೋಟೆಲಿನ ನಾನ್, ಪರೋಟ ತರುವ ಮುನ್ನ ಹಿಟ್ಟಿಗೆ ಹಾಲು, ಮೊಸರು, ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಲೇಬೇಕು.

ಇವುಗಳಲ್ಲಿ ಹಲವು ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅದರಲ್ಲಿ ಮೋಸವಿಲ್ಲ. ನಮ್ಮ ದೇಶದ ನಿಯಮದಲ್ಲಿ ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗು ಇವು ಮಾಂಸಾಹಾರದ ಲೆಕ್ಕಕ್ಕೆ ಬರುವುದಿಲ್ಲ, ಮೊಟ್ಟೆ ಬರುತ್ತದೆ. ಮಾಂಸಾಹಾರದ ಗುರುತು ಈಗ ಕಂದು ತ್ರಿಕೋನ. ವೀಗನ್ ಆಹಾರಕ್ಕೆಂದು ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆಯೇ ನಿಯಮ ತಂದು, ಇಂಗ್ಲಿಷಿನ ‘ವಿ’ ಅಕ್ಷರದ ಹಸಿರು ಗುರುತು ಕೊಟ್ಟಿದೆ. ಆದರೆ ಅಲರ್ಜಿಯವರು ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಏಕೆಂದರೆ ಹಾಲಿನ ತಿನಿಸು ತಯಾರಾದ ಯಂತ್ರದಲ್ಲೇ ಅದೂ ತಯಾರಾಗಿರಬಹುದು. ಪದಾರ್ಥಗಳ ಪಟ್ಟಿಯ ಬಳಿ ‘ಕಂಟೇನ್ಸ್’, ‘ಮೇ ಕಂಟೇನ್’ ಎಂದು ಶುರುವಾಗುವ ಸಣ್ಣ ಸಾಲನ್ನು ಹುಡುಕಿ. ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಕೇಸಿನೇಟ್, ಬಟರ್ ಆಯಿಲ್ ಎಲ್ಲವೂ ಹಾಲೇ. ಇಂಗ್ಲಿಷ್ ಓದಲು ಬಾರದ ಅಮ್ಮಂದಿರು ಇವನ್ನು ಮಕ್ಕಳಿಂದ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲೇ ಬರೆಸಿ ಪರ್ಸಿನಲ್ಲಿಟ್ಟುಕೊಂಡು, ಅಂಗಡಿಯಲ್ಲಿ ಅಕ್ಷರ ಹೋಲಿಸಿ ನೋಡಬಹುದು.

ಹಲಾಲ್ ದೃಷ್ಟಿಯಿಂದ ಪಟ್ಟಿ ಓದುವ ಅಭ್ಯಾಸ ಇರುವವರಿಗೆ ಇದು ಅರ್ಧ ಪರಿಚಿತ ಕೆಲಸ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. 120 ಎಂಬ ಕೆಂಪು ಬಣ್ಣ ಕೀಟದಿಂದ, 904 ಅರಗಿನಿಂದ. 471 ಸಸ್ಯದ ಕೊಬ್ಬಿನಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು; ಸಂಖ್ಯೆ ನೋಡಿ ತಿಳಿಯುವುದಿಲ್ಲ. ಇಫ್ತಾರಿನ ಪುಡ್ಡಿಂಗಿಗೆ ಬಳಸುವ ಚೈನಾ ಗ್ರಾಸ್ ಮಾತ್ರ ಕಡಲ ಪಾಚಿಯದ್ದು, ಚಿಂತೆ ಬೇಡ. ತೆಂಗಿನ ಹಾಲಿನಲ್ಲಿ ಅದು ಚೆನ್ನಾಗಿಯೇ ಗಟ್ಟಿಯಾಗುತ್ತದೆ. ಹಾಗೆಂದು ಎರಡು ಗುರುತುಗಳನ್ನು ಬೆರೆಸಬೇಡಿ. ಹಲಾಲ್ ಮುದ್ರೆ ಹಾಲಿನ ಬಗ್ಗೆ ಏನೂ ಹೇಳುವುದಿಲ್ಲ. ವೀಗನ್ ಗುರುತು ಮದ್ಯಸಾರದ ಬಗ್ಗೆ ಏನೂ ಹೇಳುವುದಿಲ್ಲ.

ಬೆಳೆಯುವ ಮಗುವಿನಿಂದ ಹಾಲು ತೆಗೆದ ಮೇಲೆ ಆ ಜಾಗ ತುಂಬಬೇಕಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಎಳ್ಳಿನಲ್ಲೂ ಧಾರಾಳವಾಗಿದೆ. ಅಲರ್ಜಿ ಹಾಲಿಗೆ ಮಾತ್ರವಾಗಿದ್ದರೆ ಮೊಟ್ಟೆ, ಮೀನು, ಮಾಂಸ ಬೇರೆ ಹೊತ್ತಿಗೆ ಇದ್ದೇ ಇವೆ, ಅವನ್ನು ಸುಮ್ಮನೆ ಬಿಡಿಸಬೇಡಿ. ಪೂರ್ತಿಯಾಗಿ ವೀಗನ್ ಆಗುವವರಿಗೆ ವಿಟಮಿನ್ ಬಿ12 ಕೊರತೆ ಕಾಡಬಹುದು. ಸೊಪ್ಪು ಕಾಳುಗಳಿಂದ ಅದು ಸಿಗದು, ವೈದ್ಯರು ಹೇಳಿದಂತೆ ಮಾತ್ರೆ ಬೇಕು. ಕ್ಯಾಪ್ಸೂಲಿನ ಕವಚ ಜೆಲಾಟಿನ್ ಆಗಿರಬಹುದು. ಸಸ್ಯಮೂಲದ ಕವಚದ್ದೋ ಗುಳಿಗೆಯೋ ಇದೆಯೇ ಎಂದು ಔಷಧಿ ಅಂಗಡಿಯಲ್ಲಿ ಕೇಳಿ, ಆದರೆ ನಡೆಯುತ್ತಿರುವ ಚಿಕಿತ್ಸೆಯನ್ನು ನೀವಾಗಿ ನಿಲ್ಲಿಸಬೇಡಿ.

ಇಷ್ಟೆಲ್ಲ ನೋಡಿಕೊಂಡರೂ ನೆಂಟರ ಮನೆಯಲ್ಲಿ ಯಾರೋ ಪ್ರೀತಿಯಿಂದ ಮಗುವಿನ ಕೈಗೆ ಒಂದು ತುಂಡು ಕೇಕ್ ಕೊಟ್ಟಿರುತ್ತಾರೆ. ತಿಂದ ಸ್ವಲ್ಪ ಹೊತ್ತಿನಲ್ಲಿ ಮೈಮೇಲೆ ದದ್ದು ಎದ್ದು, ತುಟಿ ನಾಲಗೆ ಬಾತು, ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಿ, ಹಾಲಿನ ಅಲರ್ಜಿ ಇದೆ ಎಂದು ಬಾಗಿಲಲ್ಲೇ ಹೇಳಿ.