ಜಲಾಶಯ ಮತ್ತು ಕೆರೆಗಳಲ್ಲಿ ದೋಣಿಯ ಮುಖ್ಯ ಎಂಜಿನ್ ಬಳಸಿ ನಿಧಾನಗತಿಯಲ್ಲಿ ಗಾಳ ಎಳೆಯುವ ಕುರಿತು ಅರ್ಜಿದಾರರಿಗೆ ಮಾಹಿತಿ
(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು)

ಪೀಠಿಕೆ

ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಪ್ರತ್ಯೇಕಗೊಂಡು ರಚನೆಯಾಯಿತು. ಚಾಮರಾಜನಗರ ತಾಲ್ಲೂಕಿನಲ್ಲಿ ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು ಮೀನುಗಾರಿಕೆಯ ಪ್ರಮುಖ ಜಲಮೂಲಗಳಾಗಿವೆ. ಗುಂಡ್ಲುಪೇಟೆ ತಾಲ್ಲೂಕು ಮಳೆಯ ಕೊರತೆಯನ್ನು ಮೇಲಿಂದ ಮೇಲೆ ಎದುರಿಸುವ ಪ್ರದೇಶವಾಗಿದ್ದು, ಮೀನುಗಾರಿಕೆಯು ಮುಖ್ಯವಾಗಿ ಕೆರೆಗಳನ್ನು ಅವಲಂಬಿಸಿದೆ. ಕಬಿನಿ ನದಿಯ ನೀರನ್ನು ಏತದ ಮೂಲಕ ಹರಿಸಿ ಕೆರೆ ತುಂಬಿಸುವ ಆಲಂಬೂರು ಯೋಜನೆಯ ಪ್ರಯೋಜನವು ಈ ಭಾಗಕ್ಕೂ ದೊರೆತಿದೆ.

ಈ ಜಲಮೂಲಗಳಲ್ಲಿ ಮೀನುಗಾರರು ಪರಂಪರೆಯಿಂದ ಹರಿಗೋಲು ಹಾಗೂ ತೆಪ್ಪಗಳನ್ನು ಬಳಸುತ್ತಾರೆ. ಹವ್ಯಾಸಕ್ಕಾಗಿ ಎಂಜಿನ್ ಅಳವಡಿಸಿದ ದೋಣಿಯನ್ನು ತಂದು, ಅದನ್ನು ನಿಧಾನವಾಗಿ ಚಲಾಯಿಸುತ್ತಾ ಗಾಳ ಎಳೆಯಲು ಬಯಸುವವರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಮೀನು ಹಿಡಿಯುವ ಪರವಾನಗಿಯು ಎಂಜಿನ್ ಚಾಲಿತ ದೋಣಿಯನ್ನು ನೀರಿಗಿಳಿಸುವ ಅನುಮತಿಯಾಗುವುದಿಲ್ಲ ಎಂಬುದನ್ನು ಮೊದಲು ಗಮನಿಸತಕ್ಕದ್ದು.

ಟ್ರೋಲಿಂಗ್ ಮತ್ತು ಟ್ರಾಲಿಂಗ್: ಎರಡೂ ಒಂದೇ ಅಲ್ಲ

ಚಲಿಸುವ ದೋಣಿಯ ಹಿಂದೆ ಗಾಳದ ದಾರವನ್ನು ಬಿಟ್ಟು, ಕೃತಕ ಅಥವಾ ಜೀವಂತ ಎರೆಯನ್ನು ನಿಧಾನವಾಗಿ ಎಳೆದುಕೊಂಡು ಹೋಗುವ ವಿಧಾನಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಟ್ರಾಲಿಂಗ್ ಎಂಬುದು ಚೀಲದಾಕಾರದ ದೊಡ್ಡ ಬಲೆಯನ್ನು ಯಾಂತ್ರಿಕ ದೋಣಿಯಿಂದ ಎಳೆಯುವ ಸಮುದ್ರ ಮೀನುಗಾರಿಕೆ. ಕರಾವಳಿಯಲ್ಲಿ ಮಳೆಗಾಲದಲ್ಲಿ ಜಾರಿಯಾಗುವ ನಿಷೇಧವು ಸಮುದ್ರದ ಯಾಂತ್ರಿಕ ಮೀನುಗಾರಿಕೆಗೆ ಸಂಬಂಧಿಸಿದ್ದು, ಒಳನಾಡಿನ ಗಾಳ ಮೀನುಗಾರಿಕೆಗೆ ಪ್ರತ್ಯೇಕ ನಿಯಮಗಳಿವೆ. ಹೆಸರುಗಳ ಹೋಲಿಕೆಯಿಂದ ಗೊಂದಲ ಉಂಟಾಗದಂತೆ, ಅರ್ಜಿಯಲ್ಲಿ ‘ದೋಣಿಯಿಂದ ಗಾಳ ಎಳೆಯುವುದು’ ಎಂದು ಸ್ಪಷ್ಟವಾಗಿ ಬರೆಯುವುದು ಸೂಕ್ತ.

ಈ ವಿಧಾನವು ಇಲ್ಲಿನ ಮೀನುಗಳಿಗೆ ಹೊಂದುವುದೇ?

ಜಲಾಶಯ ಮತ್ತು ಕೆರೆಗಳಲ್ಲಿ ಮುಖ್ಯವಾಗಿ ಕಾಟ್ಲಾ, ರೋಹು, ಮೃಗಾಲ್ ಹಾಗೂ ಸಾಮಾನ್ಯ ಗೆಂಡೆ ಮೀನುಗಳ ಮರಿಗಳನ್ನು ಬಿತ್ತನೆ ಮಾಡಲಾಗುತ್ತದೆ. ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನೂ, ರೋಹು ನಡುಪದರದ ಆಹಾರವನ್ನೂ, ಮೃಗಾಲ್ ತಳದಲ್ಲಿ ಕೊಳೆತ ಪದಾರ್ಥಗಳನ್ನೂ ತಿಂದು ಬೆಳೆಯುತ್ತವೆ. ಇವು ಓಡುವ ಎರೆಯನ್ನು ಬೆನ್ನಟ್ಟುವ ಮೀನುಗಳಲ್ಲ. ಚಲಿಸುವ ಎರೆಗೆ ಬೀಳುವುದು ಇತರ ಮೀನುಗಳನ್ನು ಬೇಟೆಯಾಡುವ ಕೊರವ, ಬಾಳೆ ಮುಂತಾದ ಜಾತಿಗಳು ಮಾತ್ರ. ಆದುದರಿಂದ ಗೆಂಡೆ ಜಾತಿಯ ಮೀನುಗಳನ್ನು ಹಿಡಿಯಬಯಸುವ ಹವ್ಯಾಸಿಗಳಿಗೆ ದಡದಿಂದ ಅಥವಾ ನಿಂತ ಹರಿಗೋಲಿನಿಂದ ಹಿಟ್ಟಿನ ಎರೆ ಹಾಕಿ ಗಾಳ ಬಿಡುವುದೇ ಫಲಕಾರಿ. ಇದಕ್ಕೆ ಎಂಜಿನ್‌ನ ಅಗತ್ಯವಿರುವುದಿಲ್ಲ.

ಮುಖ್ಯ ಎಂಜಿನ್ ಬಳಕೆಯಿಂದ ಉಂಟಾಗುವ ತೊಂದರೆಗಳು

ಗಾಳ ಎಳೆಯಲು ಸಾಮಾನ್ಯವಾಗಿ ಗಂಟೆಗೆ ಸುಮಾರು 3ರಿಂದ 6 ಕಿಲೋಮೀಟರ್ ವೇಗ ಸಾಕು. ದೋಣಿಯನ್ನು ವೇಗವಾಗಿ ಓಡಿಸಲೆಂದು ತಯಾರಾದ ಮುಖ್ಯ ಎಂಜಿನ್ ಅನ್ನು ಈ ವೇಗದಲ್ಲಿ ಗಂಟೆಗಟ್ಟಲೆ ನಡೆಸಿದಾಗ ಕೆಳಕಂಡ ತೊಂದರೆಗಳು ಕಂಡುಬರುತ್ತವೆ.

1. ಎಂಜಿನ್ ತಕ್ಕಷ್ಟು ಬಿಸಿಯಾಗದೆ ಇಂಧನವು ಪೂರ್ಣವಾಗಿ ಉರಿಯುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ, ಸಿಲಿಂಡರ್ ಒಳಗೆ ಇಂಗಾಲ ಶೇಖರವಾಗುತ್ತದೆ.

2. ಕಾರ್ಬ್ಯುರೇಟರ್ ಇರುವ ಹಳೆಯ ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಎಣ್ಣೆ ಬೆರೆತ ಪೆಟ್ರೋಲಿನ ಗಣನೀಯ ಭಾಗವು ಉರಿಯದೆ ಹೊಗೆಯೊಂದಿಗೆ ನೇರವಾಗಿ ನೀರಿಗೆ ಸೇರುತ್ತದೆ.

3. ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಉರಿಯದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸಬಹುದು. ಆಯಿಲ್‌ನ ಮಟ್ಟ ಏರಿದಂತೆ ಕಂಡರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಅದನ್ನು ಬದಲಿಸಬೇಕು.

4. ಹಿಂದಿನಿಂದ ಗಾಳಿ ಬೀಸುವಾಗ ನಿಧಾನವಾಗಿ ಸಾಗುವ ದೋಣಿಯೊಳಗೆ ಹೊಗೆ ತುಂಬಿಕೊಳ್ಳುತ್ತದೆ. ಇದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು ಕಾಣಿಸಿಕೊಂಡ ಕೂಡಲೇ ಎಂಜಿನ್ ನಿಲ್ಲಿಸಿ ಶುದ್ಧ ಗಾಳಿಗೆ ಬರಬೇಕು.

5. ಮೀನುಗಾರರು ಸಂಜೆ ಹಾಕಿ ಬೆಳಿಗ್ಗೆ ತೆಗೆಯುವ ಬಲೆಗಳು ನೀರಿನ ಮೇಲೆ ಕೇವಲ ಸಣ್ಣ ತೇಲುಗಳಿಂದ ಗುರುತಿಸಲ್ಪಟ್ಟಿರುತ್ತವೆ. ಪ್ರೊಪೆಲ್ಲರ್‌ಗೆ ಸಿಲುಕಿದ ಬಲೆ ಹರಿದು ಹೋಗುವುದಲ್ಲದೆ, ಎಂಜಿನ್ ಹಠಾತ್ತನೆ ನಿಂತು ದೋಣಿ ಅಪಾಯಕ್ಕೆ ಸಿಲುಕಬಹುದು. ಒಂದು ಬಲೆಯ ನಷ್ಟವು ಮೀನುಗಾರ ಕುಟುಂಬಕ್ಕೆ ಹಲವು ದಿನಗಳ ದುಡಿಮೆಯ ನಷ್ಟವಾಗಿರುತ್ತದೆ.

ಸಮುದ್ರ ಅಥವಾ ಹರಿಯುವ ದೊಡ್ಡ ನದಿಗೂ ಕೆರೆಗೂ ಇರುವ ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಬೇಸಿಗೆಯಲ್ಲಿ ನೀರು ಕುಗ್ಗಿದಾಗ ಕೆರೆಗೆ ಸೇರಿದ ಎಣ್ಣೆ ಹೊರಹೋಗುವ ದಾರಿಯಿಲ್ಲ. ಅದೇ ನೀರನ್ನು ಜಾನುವಾರುಗಳು ಕುಡಿಯುತ್ತವೆ, ಅದೇ ನೀರು ಇಂಗಿ ಸುತ್ತಲಿನ ಕೊಳವೆ ಬಾವಿಗಳನ್ನು ಸೇರುತ್ತದೆ. ನೀರು ಇಳಿದಾಗ ಮರದ ಬುಡ, ಬಂಡೆಗಳು ಮೇಲ್ಮೈಗೆ ಸಮೀಪ ಬಂದು ಪ್ರೊಪೆಲ್ಲರ್‌ಗೆ ತಗುಲುವ ಸಂಭವವೂ ಹೆಚ್ಚು.

ಅನುಮತಿ ಪಡೆದ ಜಲಪ್ರದೇಶದಲ್ಲಿ ಅನುಸರಿಸಬೇಕಾದ ಕ್ರಮ

ಎಂಜಿನ್ ದೋಣಿಗೆ ಅನುಮತಿ ಇರುವ ಜಲಪ್ರದೇಶಗಳಲ್ಲಿಯೂ ಸ್ಥಳಕ್ಕೆ ತಲುಪಲು ಮಾತ್ರ ಮುಖ್ಯ ಎಂಜಿನ್ ಬಳಸಿ, ಗಾಳ ಎಳೆಯಲು ಹುಟ್ಟು, ಬ್ಯಾಟರಿ ಚಾಲಿತ ಮೋಟಾರ್ ಅಥವಾ ಚಿಕ್ಕ ಸಹಾಯಕ ಎಂಜಿನ್ ಬಳಸುವುದು ಉತ್ತಮ. ವಿದ್ಯುತ್ ಮೋಟಾರ್ ಕೂಡ ಯಾಂತ್ರಿಕ ಚಾಲನೆಯೇ ಆದುದರಿಂದ ಅರ್ಜಿಯಲ್ಲಿ ಅದನ್ನೂ ನಮೂದಿಸಬೇಕು. ಮುಖ್ಯ ಎಂಜಿನ್ ಅನ್ನೇ ಬಳಸುವುದು ಅನಿವಾರ್ಯವಾದಲ್ಲಿ:

• ತಯಾರಕರು ಸೂಚಿಸಿದ ಕನಿಷ್ಠ ವೇಗಕ್ಕಿಂತ ಕೆಳಗೆ ಎಂಜಿನ್ ನಡೆಸಬಾರದು. ದೋಣಿಯ ವೇಗ ಇನ್ನೂ ತಗ್ಗಬೇಕಿದ್ದರೆ ನೀರಿನಲ್ಲಿ ಎಳೆದು ತಡೆಯೊಡ್ಡುವ ಬಟ್ಟೆಯ ಚೀಲವನ್ನು ಪ್ರೊಪೆಲ್ಲರ್‌ಗೆ ಸಿಲುಕದಂತೆ ಕಟ್ಟಬಹುದು.
• ಎಂಜಿನ್ ತಂಪು ಮಾಡುವ ನೀರು ಹೊರಬರುತ್ತಿದೆಯೇ ಎಂದು ಆಗಾಗ್ಗೆ ನೋಡಬೇಕು. ಕಳೆ, ಪ್ಲಾಸ್ಟಿಕ್ ಅಡ್ಡ ಬಂದಿದ್ದರೆ ಎಂಜಿನ್ ನಿಲ್ಲಿಸಿಯೇ ತೆಗೆಯಬೇಕು.
• ನಡುನಡುವೆ ಗಾಳವನ್ನು ಮೇಲೆತ್ತಿ, ಬಲೆಗಳಿಲ್ಲದ ತೆರೆದ ನೀರಿನಲ್ಲಿ ಕೆಲವು ನಿಮಿಷ ಮಧ್ಯಮ ವೇಗದಲ್ಲಿ ಓಡಿಸಿದರೆ ಶೇಖರವಾದ ಮಸಿ ಕಡಿಮೆಯಾಗುತ್ತದೆ.
• ದೋಣಿಯಲ್ಲಿರುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ ಧರಿಸಿರಬೇಕು. ಚಾಲಕನು ನೀರಿಗೆ ಬಿದ್ದಲ್ಲಿ ಎಂಜಿನ್ ತಾನಾಗಿಯೇ ನಿಲ್ಲುವ ಹಗ್ಗವನ್ನು ಕಟ್ಟಿಕೊಂಡಿರಬೇಕು.
• ನೀರಿನ ಮೇಲೆ ಪೆಟ್ರೋಲ್ ತುಂಬಿಸಬಾರದು. ದಡದಲ್ಲಿಯೇ ತುಂಬಿಸಿ ಹೊರಡಬೇಕು.

ಕಾನೂನಿನ ಅಂಶಗಳು

ಒಳನಾಡು ಮೀನುಗಾರಿಕೆಯನ್ನು ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996ರ ಅಡಿ ನಿಯಂತ್ರಿಸಲಾಗುತ್ತದೆ. ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೇ ನಿಷೇಧಿಸಲಾಗಿದೆ. ಯಾಂತ್ರಿಕ ದೋಣಿಗಳ ನೋಂದಣಿ ಮತ್ತು ತಪಾಸಣೆಯು, 1917ರ ಕಾನೂನಿನ ಬದಲಿಗೆ ಬಂದಿರುವ ಒಳನಾಡು ಜಲಯಾನಗಳ ಅಧಿನಿಯಮ, 2021ರ ವ್ಯಾಪ್ತಿಗೆ ಬರುತ್ತದೆ.

ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳು ಕಾವೇರಿ ನೀರಾವರಿ ನಿಗಮದ ಅಧೀನದಲ್ಲಿವೆ. ಕೆರೆಗಳಲ್ಲಿ ಮೀನು ಪಾಶುವಾರು ಹಕ್ಕನ್ನು ಸಹಕಾರ ಸಂಘ ಅಥವಾ ಇತರರಿಗೆ ಗುತ್ತಿಗೆ ನೀಡಿದ್ದಲ್ಲಿ, ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಹವ್ಯಾಸಕ್ಕಾಗಿಯೂ ಮೀನು ಹಿಡಿಯುವಂತಿಲ್ಲ.

ಅರಣ್ಯ ಪ್ರದೇಶದ ಜಲಮೂಲಗಳು

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ 1973ರಿಂದ ಹುಲಿ ಯೋಜನೆಗೆ ಒಳಪಟ್ಟಿರುವ ಬಂಡೀಪುರ ಹಾಗೂ ಚಾಮರಾಜನಗರ ತಾಲ್ಲೂಕಿಗೆ ಹೊಂದಿಕೊಂಡ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕೆರೆ, ಹಳ್ಳಗಳು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ಕ್ಕೆ ಒಳಪಡುತ್ತವೆ. ಅಲ್ಲಿಗೆ ಅನುಮತಿಯಿಲ್ಲದೆ ಪ್ರವೇಶಿಸುವುದೇ ಅಪರಾಧ. ಬೇಸಿಗೆಯಲ್ಲಿ ಆನೆ ಮೊದಲಾದ ಪ್ರಾಣಿಗಳಿಗೆ ಈ ನೀರೇ ಆಧಾರ.

ಜಿಲ್ಲೆಯ ಪೂರ್ವ ಭಾಗದ ಕಾವೇರಿ ವನ್ಯಜೀವಿಧಾಮವು ಇದಕ್ಕೊಂದು ನಿದರ್ಶನ. ಬಿಳಿಮೀನು ಎಂದು ಕರೆಯಲಾಗುವ ಮಹಶೀರ್‌ಗಾಗಿ ಕಾವೇರಿಯ ಭೀಮೇಶ್ವರಿ ಮುಂತಾದೆಡೆ ದಡದಿಂದ ಹಾಗೂ ಹರಿಗೋಲಿನಿಂದ ಗಾಳ ಹಾಕಿ, ಹಿಡಿದ ಮೀನನ್ನು ನೀರಿಗೆ ಮರಳಿ ಬಿಡುವ ಹವ್ಯಾಸವು ದೇಶ ವಿದೇಶಗಳಲ್ಲಿ ಪ್ರಸಿದ್ಧವಾಗಿತ್ತು. ವನ್ಯಜೀವಿಧಾಮದೊಳಗೆ ಈ ಚಟುವಟಿಕೆ 2010ರ ದಶಕದ ಆರಂಭದಲ್ಲಿ ಸ್ಥಗಿತಗೊಂಡಿತು. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ ಅನ್ನು 2018ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಂಚಿನ ಜೀವಿಯೆಂದು ಗುರುತಿಸಲಾಗಿದೆ.

ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಈ ಕೆಳಗಿನವುಗಳನ್ನು ಖಚಿತಪಡಿಸಿಕೊಳ್ಳುವುದು: (1) ಜಲಮೂಲವು ಯಾರ ಅಧೀನದಲ್ಲಿದೆ, (2) ಮೀನು ಹಿಡಿಯುವ ಹಕ್ಕು ಗುತ್ತಿಗೆಯಲ್ಲಿದೆಯೇ, (3) ಜಾಗವು ಅರಣ್ಯದ ಗಡಿಯೊಳಗೆ ಬರುತ್ತದೆಯೇ, (4) ದೋಣಿ ನೋಂದಣಿಯಾಗಿದೆಯೇ, (5) ಮೀನು ಹಿಡಿಯಲು ಮತ್ತು ದೋಣಿ ನಡೆಸಲು ಪ್ರತ್ಯೇಕ ಅನುಮತಿಗಳು ದೊರೆತಿವೆಯೇ. ಇವುಗಳಲ್ಲಿ ಯಾವುದೊಂದು ಬಾಕಿಯಿದ್ದರೂ ದೋಣಿಯನ್ನು ನೀರಿಗಿಳಿಸಬಾರದು.

ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಕೆರೆಯ ನೀರನ್ನೂ ಮೀನುಗಾರರ ಬಲೆಗಳನ್ನೂ ಕಾಪಾಡುವಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.