ಕೊಲೆಸ್ಟ್ರಾಲ್ ಅಂಕಿ ಏಕೆ ಏರಿಳಿಯುತ್ತದೆ

ರಕ್ತ ತಪಾಸಣೆಯ ವರದಿಯಲ್ಲಿ ಕೊಲೆಸ್ಟ್ರಾಲ್ ಎಂಬ ಸಾಲಿನ ಮುಂದೆ ಅಚ್ಚಾಗುವ ಅಂಕಿಯು ಮೂಲತಃ ಒಂದು ಕೆಂಪು ಬಣ್ಣದ ಅಳತೆಯಾಗಿದೆ. ರಕ್ತದಿಂದ ಕೊಲೆಸ್ಟ್ರಾಲನ್ನು ಬೇರ್ಪಡಿಸಿ ತೂಗಿ ನೋಡುವ ಯಂತ್ರವು ಸಾಮಾನ್ಯ ಲ್ಯಾಬುಗಳಲ್ಲಿ ಇರುವುದಿಲ್ಲ. ಬಣ್ಣವಿಲ್ಲದ ಈ ಮೇಣದಂಥ ವಸ್ತು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಕೆಂಪು ಹುಟ್ಟುವಂತೆ ಮಾಡಿ, ಆ ಕೆಂಪು ಎಷ್ಟು ಬೆಳಕನ್ನು ಹೀರಿಕೊಂಡಿತೆಂಬುದನ್ನು ಅಳೆದು, ಆ ಅಳತೆಯನ್ನು ಅಂಕಿಯಾಗಿ ಪರಿವರ್ತಿಸುವುದಷ್ಟೇ ಅಲ್ಲಿ ನಡೆಯುವ ಕೆಲಸ. ಹಳಿಯಾಳ ತಾಲ್ಲೂಕಿನ ತೇರಗಾಂವದಂಥ ಊರಿನವರೊಬ್ಬರು ಹಳಿಯಾಳ ಪಟ್ಟಣದಲ್ಲಿ ರಕ್ತ ಕೊಟ್ಟಾಗ 228 ಬಂದು, ಕೆಲವು ವಾರಗಳ ನಂತರ ಧಾರವಾಡದಲ್ಲಿ ತಪಾಸಣೆ ಮಾಡಿಸಿದಾಗ 204 ಬಂದಿತೆಂದು ಇಟ್ಟುಕೊಂಡರೆ, ಈ ಎರಡರಲ್ಲಿ ಯಾವ ಲ್ಯಾಬಿನದು ತಪ್ಪು ಎಂಬ ಪ್ರಶ್ನೆ ಮನೆಯಲ್ಲಿ ಏಳುವುದು ಸಹಜ. ಎರಡೂ ಸರಿಯಾಗಿರಬಹುದು ಎಂಬುದೇ ಅದಕ್ಕಿರುವ ಉತ್ತರ. ಆ ಉತ್ತರ ನಂಬಿಕೆಗೆ ಬರಬೇಕಾದರೆ ಯಂತ್ರವನ್ನೂ ದೇಹವನ್ನೂ ತುಸು ಹತ್ತಿರದಿಂದ ನೋಡಬೇಕಾಗುತ್ತದೆ.

ತಾಲ್ಲೂಕು ಕೇಂದ್ರಗಳ ಸಣ್ಣ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಸೆಮಿ ಆಟೋ ಅನಲೈಸರ್ ಎಂಬ, ಮೇಜಿನ ಮೇಲೆ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ. ತೋಳಿನಿಂದ ತೆಗೆದ ರಕ್ತವು ಹೆಪ್ಪುಗಟ್ಟಿದ ಮೇಲೆ ಅದರ ಕೊಳವೆಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಇಳಿದು, ತಿಳಿಹಳದಿ ಬಣ್ಣದ ಸೀರಮ್ ಎಂಬ ದ್ರವ ಮೇಲೆ ನಿಲ್ಲುತ್ತದೆ. ಅದರಿಂದ ಪಿಪೆಟ್ಟಿನಲ್ಲಿ ಕೇವಲ 10 ಮೈಕ್ರೋಲೀಟರಿನಷ್ಟನ್ನು, ಅಂದರೆ ಒಂದು ಹನಿಯ ಐದನೆಯ ಒಂದು ಭಾಗದಷ್ಟನ್ನು ಎತ್ತಿ, 1 ಮಿಲಿಲೀಟರ್ ರೀಏಜೆಂಟಿಗೆ ಬೆರೆಸಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಇಡಲಾಗುತ್ತದೆ. ರೀಏಜೆಂಟ್ ಎಂಬ ಆ ದ್ರವದಲ್ಲಿ ಮೂರು ಕಿಣ್ವಗಳಿರುತ್ತವೆ. ರಕ್ತದಲ್ಲಿನ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಕೊಬ್ಬಿನಾಮ್ಲಗಳಿಗೆ ಅಂಟಿಕೊಂಡಿರುವುದರಿಂದ ಮೊದಲನೆಯ ಕಿಣ್ವವು ಆ ಬಂಧವನ್ನು ಬಿಡಿಸುತ್ತದೆ. ಎರಡನೆಯದು ಬಿಡಿಯಾದ ಕೊಲೆಸ್ಟ್ರಾಲನ್ನು ಗಾಳಿಯಲ್ಲಿನ ಆಮ್ಲಜನಕದೊಡನೆ ವರ್ತಿಸುವಂತೆ ಮಾಡಿ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಮೂರನೆಯದು ಆ ಪೆರಾಕ್ಸೈಡಿನ ನೆರವಿನಿಂದ ಫೀನಾಲ್ ಮತ್ತು ಅಮೈನೋಆಂಟಿಪೈರಿನ್ ಎಂಬ ಎರಡು ವಸ್ತುಗಳನ್ನು ಬೆಸೆದು ಕೆಂಪು ಬಣ್ಣವನ್ನು ತಯಾರಿಸುತ್ತದೆ. ಯಂತ್ರದ ಪುಟ್ಟ ಪಂಪು ಈ ದ್ರವವನ್ನು ಒಳಗೆಳೆದು ಗಾಜಿನ ಕೋಶವೊಂದರಲ್ಲಿ ನಿಲ್ಲಿಸಿದಾಗ, ಹ್ಯಾಲೋಜನ್ ಬಲ್ಬಿನ ಬೆಳಕು ಶೋಧಕವೊಂದನ್ನು ಹಾದು, 505 ನ್ಯಾನೋಮೀಟರ್ ಆಸುಪಾಸಿನ ಹಸಿರು ಛಾಯೆಯ ಕಿರಣವಾಗಿ ಅದರ ಮೇಲೆ ಬೀಳುತ್ತದೆ. ಕೆಂಪು ಗಾಢವಾಗಿದ್ದಷ್ಟೂ ಆಚೆ ಬದಿಗೆ ದಾಟುವ ಹಸಿರು ಬೆಳಕು ಕಡಿಮೆಯಾಗುತ್ತದೆ. 200 ಎಂದು ಮೊದಲೇ ಗೊತ್ತಿರುವ ಮಾದರಿ ದ್ರಾವಣವೊಂದು ಹೀರಿದ ಬೆಳಕಿನೊಂದಿಗೆ ಇದನ್ನು ಹೋಲಿಸಿ, ಯಂತ್ರವು 100 ಮಿಲಿಲೀಟರ್ ಸೀರಮ್ಮಿನಲ್ಲಿ ಇಷ್ಟು ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆಯೆಂದು ತಿಳಿಸುತ್ತದೆ. ಸಾಂದ್ರ ಗಂಧಕಾಮ್ಲವನ್ನು ಸುರಿದು ಹಸಿರು ಬಣ್ಣ ಬರಿಸುತ್ತಿದ್ದ ಅಪಾಯಕಾರಿ ಹಳೆಯ ವಿಧಾನವನ್ನು ಬದಿಗೆ ಸರಿಸಿದ ಈ ಕಿಣ್ವ ವಿಧಾನವು 1974ರಲ್ಲಿ ಪ್ರಕಟವಾಗಿ, ಜಿಲ್ಲಾ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಶಿಬಿರದವರೆಗೆ ಈ ತಪಾಸಣೆ ಅಗ್ಗದ ದರದಲ್ಲಿ ತಲುಪಲು ಕಾರಣವಾಯಿತು.

ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಕೈ ತಪ್ಪಲು ಅವಕಾಶವೂ ಬಹಳ. ಪಿಪೆಟ್ಟಿನ ತುದಿಯ ಹೊರಮೈಗೆ ಅಂಟಿಕೊಂಡ ಸೀರಮ್ಮನ್ನು ಒರೆಸದೆ ಹಾಗೆಯೇ ಅದ್ದಿದಾಗ 10ರ ಬದಲು 11 ಮೈಕ್ರೋಲೀಟರ್ ಒಳಗೆ ಹೋದರೆ 200 ಇರಬೇಕಾದ ಅಂಕಿ 220ರ ಹತ್ತಿರಕ್ಕೆ ಏರುತ್ತದೆ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ರೀಏಜೆಂಟ್ ವಿದ್ಯುತ್ ಕಡಿತದಿಂದ ಬೆಚ್ಚಗಾಗಿ ಕೆಡತೊಡಗಿದರೆ ಅದು ತಾನಾಗಿಯೇ ನಸುಗುಲಾಬಿಗೆ ತಿರುಗುತ್ತದೆ. ಸೀರಮ್ಮಿನಲ್ಲಿ ಕಾಮಾಲೆಯ ಹಳದಿ ಹೆಚ್ಚಾಗಿದ್ದರೂ, ವಿಟಮಿನ್ ಸಿ ಗುಳಿಗೆಗಳನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿದ್ದರೂ ಮೂರನೆಯ ಕಿಣ್ವದ ಕೆಲಸಕ್ಕೆ ಅಡ್ಡಿಯಾಗಿ ಅಂಕಿ ನಿಜಕ್ಕಿಂತ ಕೆಳಗಿಳಿಯಬಹುದು. ಆದ್ದರಿಂದಲೇ ಜವಾಬ್ದಾರಿಯುತ ಲ್ಯಾಬುಗಳು ಪ್ರತಿದಿನ ಬೆಳಿಗ್ಗೆ ಅಂಕಿ ಗೊತ್ತಿರುವ ಕಂಟ್ರೋಲ್ ಸೀರಮ್ಮನ್ನು ಮೊದಲು ಓಡಿಸಿ ನೋಡುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವಂಥ ಬಾಹ್ಯ ಗುಣಮಟ್ಟ ಪರಿಶೀಲನೆಗೆ ಸೇರಿಕೊಂಡು, ಅಲ್ಲಿಂದ ಬರುವ ಮಾದರಿಗಳನ್ನು ಅಳೆದು ತಮ್ಮ ಉತ್ತರವನ್ನು ಇತರ ಲ್ಯಾಬುಗಳ ಉತ್ತರದೊಂದಿಗೆ ಹೋಲಿಸಿಕೊಳ್ಳುತ್ತವೆ. ಇಂಥ ಶಿಸ್ತಿನಲ್ಲಿ ನಡೆಯುವ ಲ್ಯಾಬಿನಲ್ಲಿ ಅಳತೆಯ ಹೊಯ್ದಾಟವನ್ನು ಶೇ. 3ರೊಳಗೆ ಹಿಡಿದಿಡಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಗುರಿ. ಹಳ್ಳಿಗಳಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ಪೇಟೆ ಸೇರುವಷ್ಟರಲ್ಲಿ ಕೆಟ್ಟುಹೋಗಿ ಕೊಲೆಸ್ಟ್ರಾಲ್ ಬದಲಾಗುತ್ತದೆ ಎಂಬ ಅನುಮಾನಕ್ಕೆ ಮಾತ್ರ ಹೆಚ್ಚಿನ ಆಧಾರವಿಲ್ಲ: ಕಣಗಳಿಂದ ಬೇರ್ಪಡಿಸದ ರಕ್ತದಲ್ಲಿ ಸಕ್ಕರೆಯ ಅಂಶ ಗಂಟೆ ಗಂಟೆಗೂ ಇಳಿಯುತ್ತದೆಯಾದರೂ ಕೊಲೆಸ್ಟ್ರಾಲ್ ಗಟ್ಟಿಯಾದ ಅಣುವಾಗಿದ್ದು, ಬೇರ್ಪಡಿಸಿ ತಣ್ಣಗಿಟ್ಟ ಸೀರಮ್ಮಿನಲ್ಲಿ ಹಲವು ದಿನ ಬದಲಾಗದೆ ಉಳಿಯುತ್ತದೆ.

ಯಂತ್ರಕ್ಕಿಂತ ಹೆಚ್ಚು ಹೊಯ್ದಾಡುವುದು ದೇಹವೇ. ಊಟ, ಕೆಲಸ, ತೂಕ ಯಾವುದೂ ಬದಲಾಗದ ಆರೋಗ್ಯವಂತ ವ್ಯಕ್ತಿಯಲ್ಲಿಯೂ ಒಟ್ಟು ಕೊಲೆಸ್ಟ್ರಾಲ್ ತನ್ನ ಸರಾಸರಿಯ ಸುತ್ತ ಸುಮಾರು ಶೇ. 6ರಷ್ಟು ಆಚೀಚೆ ಆಗುತ್ತಿರುತ್ತದೆ. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬಿನ ವಿಷಯದಲ್ಲಿ ಈ ಹೊಯ್ದಾಟ ಶೇ. 20ಕ್ಕೂ ಮಿಗಿಲು. ನಿಂತಿರುವಾಗ ರಕ್ತದ ನೀರಿನಂಶ ಕಾಲುಗಳ ಊತಕಗಳಿಗೆ ಇಳಿದು ರಕ್ತ ತುಸು ಗಟ್ಟಿಯಾಗುವುದರಿಂದ, ಮಲಗಿದ್ದಾಗಿನ ಅಂಕಿಗಿಂತ ನಿಂತಾಗಿನ ಅಂಕಿ ಶೇ. 10ರವರೆಗೂ ಹೆಚ್ಚು ಬರಬಹುದು. ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಲ್ಯಾಬಿನ ಸರದಿಯಲ್ಲಿಯೂ ನಿಂತು, ಕುಳಿತ ತಕ್ಷಣವೇ ತೋಳು ಚಾಚಿದವರ ರಕ್ತಕ್ಕೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವರ ರಕ್ತಕ್ಕೂ ಈ ಒಂದೇ ಕಾರಣದಿಂದ 20 ಅಂಕಿಗಳ ಅಂತರ ಬರುವುದು ಸಾಧ್ಯ. ತೋಳಿಗೆ ಬಿಗಿಯುವ ಪಟ್ಟಿಯನ್ನು ರಕ್ತನಾಳ ಸಿಗಲಿಲ್ಲವೆಂದು ಬಹಳ ಹೊತ್ತು ಹಾಗೆಯೇ ಬಿಟ್ಟರೂ ಇದೇ ಪರಿಣಾಮ. ಚಳಿಗಾಲದಲ್ಲಿ ಅಂಕಿ ತುಸು ಏರಿ ಬೇಸಿಗೆಯಲ್ಲಿ ತುಸು ಇಳಿಯುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಗರ್ಭಿಣಿಯರಲ್ಲಿ ಕೊಲೆಸ್ಟ್ರಾಲ್ ಸಹಜವಾಗಿಯೇ ಏರುತ್ತದೆ. ತೀವ್ರ ಜ್ವರ, ನ್ಯುಮೋನಿಯಾ, ಶಸ್ತ್ರಚಿಕಿತ್ಸೆ, ಹೃದಯಾಘಾತಗಳ ನಂತರ ಅದು ಕೆಲವು ವಾರಗಳ ಕಾಲ ಇಳಿದೇ ಇರುತ್ತದೆ. ಹೃದಯಾಘಾತವಾಗಿ ಒಂದು ದಿನ ಕಳೆದ ಮೇಲೆ ತೆಗೆದ ರಕ್ತದಲ್ಲಿ ಅಂಕಿ ಕಡಿಮೆ ಬಂದಿತೆಂದು, ಕೊಲೆಸ್ಟ್ರಾಲ್ ಇಲ್ಲದೆಯೇ ಆಘಾತವಾಯಿತೆಂದು ತಿಳಿದು ನೆಮ್ಮದಿಪಡುವುದು ಬಹಳ ಅಪಾಯದ ತಪ್ಪು ತಿಳಿವಳಿಕೆ.

ದೇಹದ ಶೇ. 6 ಮತ್ತು ಯಂತ್ರದ ಶೇ. 3 ಈ ಎರಡನ್ನೂ ಸಂಖ್ಯಾಶಾಸ್ತ್ರದ ರೀತಿಯಲ್ಲಿ ಸೇರಿಸಿ ಲೆಕ್ಕ ಹಾಕಿದರೆ, ನಿಜವಾದ ಸರಾಸರಿ 215 ಇರುವ ವ್ಯಕ್ತಿಯ ಒಂದೊಂದು ವರದಿಯೂ 187ರಿಂದ 243ರ ನಡುವೆ ಎಲ್ಲಿ ಬೇಕಾದರೂ ಬರಬಹುದೆಂದು ತಿಳಿಯುತ್ತದೆ. ಹಳಿಯಾಳದ 228, ಧಾರವಾಡದ 204 ಎರಡೂ ಈ ಪಟ್ಟಿಯೊಳಗೇ ಇವೆ. ಎರಡು ವರದಿಗಳ ನಡುವೆ ಸುಮಾರು ಶೇ. 19ಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡಾಗ ಮಾತ್ರ ಏನೋ ನಿಜವಾಗಿ ಬದಲಾಗಿದೆಯೆಂದು ಧೈರ್ಯವಾಗಿ ಹೇಳಬಹುದು. ಬೇರೆ ಬೇರೆ ದಿನಗಳಲ್ಲಿ ತೆಗೆದ ಮೂರು ಅಳತೆಗಳ ಸರಾಸರಿ ಹಿಡಿದರೆ ಪಟ್ಟಿ 199ರಿಂದ 231ಕ್ಕೆ ಕಿರಿದಾಗುತ್ತದೆ. ಕೊಲೆಸ್ಟ್ರಾಲ್ ಹೆಚ್ಚೆಂದು ಎಣಿಸುವ 200 ಎಂಬ ಗಡಿಯ ಸಮೀಪದಲ್ಲಿ ಇರುವವರು ಕಡಿಮೆ ಮಂದಿಯೇನಲ್ಲವಾದ್ದರಿಂದ ಈ ಲೆಕ್ಕಕ್ಕೆ ಮಹತ್ವವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 24ರಷ್ಟು ಮಂದಿಗೆ ಕೊಲೆಸ್ಟ್ರಾಲ್ ಹೆಚ್ಚಿದೆ. ಗಡಿಯ ಆಸುಪಾಸಿನಲ್ಲಿರುವ ವ್ಯಕ್ತಿಯೊಬ್ಬರು ಒಂದು ತಿಂಗಳು ‘ರೋಗಿ’ಯಾಗಿ, ಮರುತಿಂಗಳು ‘ನಾರ್ಮಲ್’ ಆಗಿ ಕಾಣುವುದರ ಹಿಂದೆ ಬಹಳ ಸಲ ಇರುವುದು ಈ ಹೊಯ್ದಾಟ ಮಾತ್ರ.

ವರದಿಯಲ್ಲಿ ಎಲ್‌ಡಿಎಲ್ ಎಂದು ಬರುವ ಅಂಕಿಯ ಕಥೆ ಇನ್ನಷ್ಟು ನಾಜೂಕಿನದು. ಕೊಬ್ಬು ನೀರಿನಲ್ಲಿ ಕರಗದ ಕಾರಣ ಕೊಲೆಸ್ಟ್ರಾಲ್ ರಕ್ತದಲ್ಲಿ ಪ್ರೋಟೀನು ಸುತ್ತಿದ ಸಣ್ಣ ಸಣ್ಣ ಕಣಗಳೊಳಗೆ ಕುಳಿತು ಸಾಗುತ್ತದೆ; ಅವುಗಳಲ್ಲಿ ರಕ್ತನಾಳದ ಗೋಡೆಯೊಳಗೆ ಸೇರಿ ಅಲ್ಲಿ ಕೊಬ್ಬಿನ ಗಡ್ಡೆ ಕಟ್ಟುವ ಕಣವೇ ಎಲ್‌ಡಿಎಲ್. ಅನೇಕ ಲ್ಯಾಬುಗಳು ಇದನ್ನು ಅಳೆಯದೆ, 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಎಂಬ ಇನ್ನೊಂದು ಬಗೆಯ ಕಣದಲ್ಲಿರುವ ಕೊಲೆಸ್ಟ್ರಾಲನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದು ಲೆಕ್ಕದಿಂದ ಪಡೆಯುತ್ತವೆ. ಒಟ್ಟು 215, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 145 ಆಗುತ್ತದೆ. ಅದೇ ವ್ಯಕ್ತಿ ಹಿಂದಿನ ರಾತ್ರಿ ಮದುವೆಯೂಟ, ಮದ್ಯ ಎರಡನ್ನೂ ಸೇವಿಸಿ ಟ್ರೈಗ್ಲಿಸರೈಡ್ 250ಕ್ಕೆ ಏರಿದ್ದರೆ, ಮಿಕ್ಕ ಅಂಕಿಗಳು ಹಾಗೆಯೇ ಇದ್ದರೂ ಎಲ್‌ಡಿಎಲ್ 125 ಎಂದು ಅಚ್ಚಾಗುತ್ತದೆ. ಉಣ್ಣಬಾರದ್ದನ್ನು ಉಂಡಾಗ ಎಲ್‌ಡಿಎಲ್ ‘ಸುಧಾರಿಸಿದಂತೆ’ ಕಾಣುವ ಈ ವಿಚಿತ್ರವು ಸೂತ್ರದ ಮಿತಿಯೇ ಹೊರತು ದೇಹದ್ದಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರವನ್ನು ಬಳಸಲೇಬಾರದು. ಒಂದು ಲ್ಯಾಬು ಸೂತ್ರದಿಂದ ಲೆಕ್ಕ ಹಾಕಿ, ಇನ್ನೊಂದು ಲ್ಯಾಬು ನೇರವಾಗಿ ಅಳೆದಿದ್ದರೆ ಅಂಕಿಗಳು ಹೊಂದದಿರುವುದರಲ್ಲಿ ಆಶ್ಚರ್ಯವಿಲ್ಲ. ಇಂಥ ಗೊಂದಲದಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲನ್ನು ಮಾತ್ರ ಕಳೆದು ಬರುವ, ನಾನ್-ಎಚ್‌ಡಿಎಲ್ ಎಂಬ ಅಂಕಿಯನ್ನು ನೋಡುವುದು ಒಳ್ಳೆಯದು. ಮೇಲಿನ ಉದಾಹರಣೆಯಲ್ಲಿ ಅದು ಎರಡು ದಿನವೂ 175 ಆಗಿಯೇ ಉಳಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂಬ ನಿಯಮಕ್ಕೂ ಅದು ಅಷ್ಟಾಗಿ ಕಟ್ಟುಬಿದ್ದಿಲ್ಲ.

ತಟ್ಟೆಯನ್ನು ನೋಡಿ ಅಂಕಿಯನ್ನು ಊಹಿಸುವ ರೂಢಿಯೂ ಜನರನ್ನು ದಾರಿ ತಪ್ಪಿಸುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಎಮ್ಮೆ ಸಾಕುವ ಗೌಳಿಗರ ಹಾಲು-ತುಪ್ಪವಿದೆ, ಜೋಯಿಡಾದ ಕುಣಬಿಗಳ ಗಡ್ಡೆಗೆಣಸಿದೆ, ಮುಂಡಗೋಡದ ಟಿಬೆಟನ್ ವಸತಿಯಲ್ಲಿ ಉಪ್ಪು ಹಾಕಿದ ಬೆಣ್ಣೆ ಚಹಾ ಇದೆ. ತುಪ್ಪ, ಬೆಣ್ಣೆ, ವನಸ್ಪತಿ, ತಾಳೆ ಎಣ್ಣೆಗಳಲ್ಲಿನ ಗಟ್ಟಿ ಕೊಬ್ಬು ಎಲ್‌ಡಿಎಲನ್ನು ಏರಿಸುತ್ತದೆ ಎಂಬುದು ನಿಜ. ಆದರೆ ರಕ್ತದ ಕೊಲೆಸ್ಟ್ರಾಲಿನ ಬಹುಪಾಲು ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸಿದ್ದಾಗಿರುತ್ತದೆ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ತಂದುಕೊಟ್ಟ ಸಂಶೋಧನೆಯು, ಯಕೃತ್ತಿನ ಜೀವಕೋಶಗಳ ಮೇಲಿರುವ ಗ್ರಾಹಕಗಳೆಂಬ ಪ್ರೋಟೀನುಗಳು ಎಲ್‌ಡಿಎಲನ್ನು ರಕ್ತದಿಂದ ಹಿಡಿದು ಒಳಗೆಳೆಯುತ್ತವೆಂದೂ ಅವು ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲಿಯೇ ಉಳಿದು ಏರುತ್ತದೆಂದೂ ತೋರಿಸಿತು. ಥೈರಾಯ್ಡ್ ಹಾರ್ಮೋನು ಕುಂದಿದಾಗ ಗ್ರಾಹಕಗಳೂ ಕುಂದುವುದರಿಂದ, ಮಾಂಸ ಮುಟ್ಟದ, ತುಪ್ಪ ತಿನ್ನದ ಮಹಿಳೆಯಲ್ಲಿಯೂ ಅಂಕಿ 280 ಬರಬಹುದು. ಥೈರಾಯ್ಡ್ ಗುಳಿಗೆಯಿಂದಲೇ ಅದು ಇಳಿಯಲೂಬಹುದು. ಗ್ರಾಹಕದ ಜೀನಿನಲ್ಲಿಯೇ ದೋಷವಿರುವ ವಂಶಪಾರಂಪರ್ಯದ ಕಾಯಿಲೆಯಲ್ಲಿ ತಂದೆ ಅಥವಾ ತಾಯಿಯಿಂದ ದೋಷ ಬಂದರೆ ಎಲ್‌ಡಿಎಲ್ ಚಿಕ್ಕಂದಿನಿಂದಲೇ ಬಹಳ ಮೇಲಿರುತ್ತದೆ. ಇಬ್ಬರಿಂದಲೂ ಬಂದರೆ ಬಾಲ್ಯದಲ್ಲಿಯೇ ಹೃದಯಾಘಾತ ಸಂಭವಿಸಬಹುದು. ಕರ್ನಾಟಕದ ಹಲವು ಕುಟುಂಬಗಳಲ್ಲಿ ಸೋದರಮಾವ-ಸೊಸೆ, ಅತ್ತೆ-ಮಾವಂದಿರ ಮಕ್ಕಳ ನಡುವಿನ ಮದುವೆಗಳು ಇಂದಿಗೂ ನಡೆಯುವುದರಿಂದ ಈ ಎರಡನೆಯ ಸಾಧ್ಯತೆಯನ್ನು ವೈದ್ಯರು ಇಲ್ಲಿ ಮರೆಯುವಂತಿಲ್ಲ.

ಇವೆಲ್ಲವನ್ನೂ ಮೀರಿಸಿ ಅಂಕಿಯನ್ನು ಏರಿಳಿಸುವುದು ಗುಳಿಗೆಯನ್ನು ಹಿಡಿದು ಬಿಡುವ ಅಭ್ಯಾಸ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಿಂದ ಕಂಡುಹಿಡಿದ ಸ್ಟ್ಯಾಟಿನ್ ವರ್ಗದ ಔಷಧಗಳು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸಿ ಗ್ರಾಹಕಗಳನ್ನು ಹೆಚ್ಚಿಸುತ್ತವೆ; ನಾಲ್ಕರಿಂದ ಆರು ವಾರಗಳಲ್ಲಿ ಎಲ್‌ಡಿಎಲ್ ಶೇ. 30ರಿಂದ 50ರಷ್ಟು ಇಳಿಯುವುದು ಹೊಯ್ದಾಟವಲ್ಲ, ನಿಜವಾದ ಬದಲಾವಣೆ. ವರದಿ ನಾರ್ಮಲ್ ಬಂದಿತೆಂದು ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಮಟ್ಟಕ್ಕೆ ಮರಳುತ್ತದೆ. ಏಕೆಂದರೆ ಗುಳಿಗೆಯು ಯಕೃತ್ತಿನ ಸ್ವಭಾವವನ್ನು ತಿದ್ದಿರುವುದಿಲ್ಲ, ದಿನದಿನವೂ ಹಿಡಿದಿಟ್ಟಿರುತ್ತದೆ.

ಆದ್ದರಿಂದ ಕೊಲೆಸ್ಟ್ರಾಲ್ ತಪಾಸಣೆ ಮಾಡಿಸುವವರು ಸಾಧ್ಯವಾದಷ್ಟು ಒಂದೇ ಲ್ಯಾಬಿಗೆ ಹೋಗಬೇಕು, ಜ್ವರ ಬಂದು ಹೋದ ಮೇಲೆ ಕೆಲವು ವಾರ ತಡೆಯಬೇಕು, ರಕ್ತ ಕೊಡುವ ಮೊದಲು ಐದು ನಿಮಿಷವಾದರೂ ಕುಳಿತು ಸುಧಾರಿಸಿಕೊಳ್ಳಬೇಕು. ಹಳೆಯ ವರದಿಗಳನ್ನು ಎಸೆಯದೆ ತಾರೀಖಿನ ಕ್ರಮದಲ್ಲಿ ಇಟ್ಟುಕೊಂಡು ಎಲ್ಲವನ್ನೂ ವೈದ್ಯರ ಮುಂದಿಡಬೇಕು; ಒಂದು ಅಂಕಿಯನ್ನು ನಂಬಿ ಗುಳಿಗೆ ಆರಂಭಿಸುವುದಾಗಲಿ ಬಿಡುವುದಾಗಲಿ ಬೇಡ. ಎಲ್‌ಡಿಎಲ್ ಎರಡು ಸಲ 190 ಅಥವಾ ಅದಕ್ಕಿಂತ ಹೆಚ್ಚು ಬಂದವರು ಮಾತ್ರ ಹೊಯ್ದಾಟದ ಲೆಕ್ಕಕ್ಕೆ ಕಾಯಬಾರದು: ಅವರಿಗೆ ಚಿಕಿತ್ಸೆ ಬೇಕು, ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ರಕ್ತ ತಪಾಸಣೆ ಆಗಬೇಕು.