ಪೇಜರಿಗೆ ಗಣಕದ ಕರೆ
ಕಚೇರಿಯ ಗಣಕದಲ್ಲಿ ರಾತ್ರಿ ನಡೆಯುವ ಲೆಕ್ಕದ ಕೆಲಸ ನಡುವೆಯೇ ನಿಂತರೆ ಸಿಬ್ಬಂದಿಗೆ ತಿಳಿಸುವವರಾರು? 1990ರ ದಶಕದಲ್ಲಿ ಈ ಕಾರ್ಯಕ್ಕೆ ಪೇಜರ್ ಒದಗಿತು. ದೋಷ ಕಂಡೊಡನೆ ಗಣಕವೇ ಮೋಡೆಮ್ ಮೂಲಕ ಪೇಜಿಂಗ್ ಕೇಂದ್ರಕ್ಕೆ ಕರೆಮಾಡಿ, ಪೇಜರಿನ ಸಂಖ್ಯೆಯನ್ನೂ ಚುಟುಕು ಸಂದೇಶವನ್ನೂ ಒಪ್ಪಿಸುತ್ತಿತ್ತು. ಕೇಂದ್ರವು ಅದನ್ನು ರೇಡಿಯೋ ಅಲೆಗಳಲ್ಲಿ ಬಿತ್ತರಿಸುತ್ತಿತ್ತು. ‘ಸ್ವೀಕರಿಸಿದೆ’ ಎಂಬ ಉತ್ತರ ಬಂದರೂ ಅದು ಕೇಂದ್ರದ ಮಾತೇ ಹೊರತು ಸಿಬ್ಬಂದಿಯದಲ್ಲ. ಸಾಮಾನ್ಯ ಪೇಜರ್ ಸಂದೇಶವನ್ನು ಪಡೆಯಬಲ್ಲದು, ಮಾರುತ್ತರ ಕೊಡಲಾರದು. 1998ರ ಮೇ 19ರಂದು ಗ್ಯಾಲಕ್ಸಿ 4 ಉಪಗ್ರಹ ಕೆಟ್ಟಾಗ ಅಮೆರಿಕದ ಬಹುಪಾಲು ಪೇಜರುಗಳು ಮೂಕವಾದವು. ವೈದ್ಯರಿಗೂ ಕರೆ ಮುಟ್ಟಲಿಲ್ಲ. ನಿಗದಿತ ಅವಧಿಯೊಳಗೆ ಸಿಬ್ಬಂದಿಯು ಗಣಕಕ್ಕೆ ತಿಳಿಸದಿದ್ದರೆ ಅದು ಇನ್ನೊಮ್ಮೆ ಎಚ್ಚರಿಸಬೇಕು. ಆಗಲೂ ಮೌನವಾದರೆ ಮೇಲಧಿಕಾರಿಗೆ, ಅದೂ ಪೇಜರನ್ನು ಬಿಟ್ಟು ಮನೆಯ ದೂರವಾಣಿಗೆ, ಕರೆ ಹೋಗಬೇಕು.